ಹಗುರ ಫ್ಲೈವೀಲ್ ಹಾಕಿಸುವ ಮುನ್ನ ವಾರಂಟಿ ಪುಸ್ತಕ ಓದಿ

ವಾರಂಟಿ ಮುಗಿಯಲು ಇನ್ನೂ 14 ತಿಂಗಳು ಇತ್ತು. ನನಗೆ ತಾಳ್ಮೆ ಇರಲಿಲ್ಲ. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡ್. ಮೊದಲಿನ ಮಾಲೀಕರು ತಗೊಂಡಿದ್ದ ಎಕ್ಸ್‌ಟೆಂಡೆಡ್ ವಾರಂಟಿ ನನ್ನ ಹೆಸರಿಗೆ ಆಗಿತ್ತು. ಹಾಗಿದ್ದೂ ಹಗುರ ಫ್ಲೈವೀಲ್ ಹಾಕಿಸಿದೆ. ಕಾರು ಚೆನ್ನಾಗಿ ಓಡಿತು, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ತಿಂಗಳಿಗೆ ಎರಡನೇ ಗೇರ್ ಹಾಕುವಾಗ ಕರ್ರ್ ಎನ್ನತೊಡಗಿತು. ಅದೇ ವಾರ ಎಡಗಡೆ ಕಿಟಕಿಯ ಗಾಜು ಇಳಿದದ್ದು ಮೇಲೆ ಬರಲಿಲ್ಲ. ಎರಡೂ ಕಂಪ್ಲೇಂಟ್ ಹೊತ್ತುಕೊಂಡು ದಾವಣಗೆರೆಯಿಂದ 260 ಕಿಲೋಮೀಟರ್ ಬೆಂಗಳೂರಿಗೆ ಹೋದೆ. ಕಿಟಕಿ ಗೆದ್ದೆ, ಗೇರ್‌ಬಾಕ್ಸ್ ಸೋತೆ. ಯಾಕೆ ಸೋತೆ ಅಂತ ಮುಂದೆ ಹೇಳುತ್ತೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿರುವುದು.

ಮೊದಲು ಫ್ಲೈವೀಲ್ ಅಂದರೇನು ಅಂತ ಎರಡು ಮಾತು. ಹೊಲದಲ್ಲಿ ಹಳೇ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ಹ್ಯಾಂಡಲ್ ಹಾಕಿ ಬೆವರು ಸುರಿಸಿ ತಿರುಗಿಸುತ್ತೀರಿ, ಪಕ್ಕದ ದೊಡ್ಡ ಚಕ್ರ ಒಮ್ಮೆ ವೇಗ ಹಿಡಿದರೆ ಸಾಕು, ಆಮೇಲೆ ಟುಕು ಟುಕು ಅಂತ ತಾನೇ ಓಡುತ್ತದೆ. ಪಿಸ್ಟನ್ ಒಂದು ಸಲ ತಳ್ಳಿ ಸುಮ್ಮನಾದಾಗ ಮುಂದಿನ ತಳ್ಳು ಬರುವವರೆಗೂ ಇಂಜಿನ್ ನಿಲ್ಲದಂತೆ ಎಳೆದುಕೊಂಡು ಹೋಗುವುದು ಆ ಚಕ್ರದ ತೂಕ. ಕಾರಿನಲ್ಲೂ ಅದೇ ಚಕ್ರ. ಕ್ರ್ಯಾಂಕ್ ಶಾಫ್ಟಿನ ತುದಿಗೆ ಬೋಲ್ಟ್ ಆಗಿ, ಗೇರ್‌ಬಾಕ್ಸ್ ಕಡೆ ಇರುತ್ತದೆ. ಅದರ ಮುಖಕ್ಕೆ ಕ್ಲಚ್ ಪ್ಲೇಟ್ ಒತ್ತಿ ಕೂರುತ್ತದೆ, ಅದರ ಅಂಚಿನ ಹಲ್ಲಿಗೆ ಸ್ಟಾರ್ಟರ್ ಮೋಟಾರ್ ಕಚ್ಚುತ್ತದೆ.

ತೂಕ ಇಳಿಸಿದರೆ ಪವರ್ ಹೆಚ್ಚಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಜಿನ್ ಕೊಡುವ ಶಕ್ತಿ ಅಷ್ಟೇ ಇರುತ್ತದೆ. ಚಕ್ರದ ವೇಗ ಏರಿಸಲು ಖರ್ಚಾಗುತ್ತಿದ್ದ ಪಾಲು ಉಳಿಯುತ್ತದೆ, ಅಷ್ಟೇ. ಆ ಉಳಿತಾಯ ಎಷ್ಟು ಅಂತ ನಾನು ಲೆಕ್ಕ ಹಾಕಿ ನೋಡಿದೆ. ಫ್ಲೈವೀಲ್‌ನಲ್ಲಿ 4 ಕೆಜಿ ಕಡಿಮೆ ಮಾಡಿದೆವು ಅಂದುಕೊಳ್ಳಿ, ಆ ತೂಕ ಮಧ್ಯದಿಂದ ಸರಾಸರಿ 10 ಸೆಂಟಿಮೀಟರ್ ದೂರದಲ್ಲಿತ್ತು ಅಂತ ಇಟ್ಟುಕೊಳ್ಳಿ. ಮೊದಲ ಗೇರ್ 3.6, ಫೈನಲ್ ಡ್ರೈವ್ 4.1, ಟೈರಿನ ತ್ರಿಜ್ಯ 30 ಸೆಂಟಿಮೀಟರ್. ಆಗ ಮೊದಲ ಗೇರ್‌ನಲ್ಲಿ ಕಾರಿನಿಂದ ಸುಮಾರು 97 ಕೆಜಿ ಇಳಿಸಿದಷ್ಟು ಲಾಭ. ಹೆಚ್ಚುಕಮ್ಮಿ ಒಂದು ಕ್ವಿಂಟಲ್ ಮೆಕ್ಕೆಜೋಳದ ಚೀಲವನ್ನು ಡಿಕ್ಕಿಯಿಂದ ಇಳಿಸಿದ ಹಾಗೆ. ಅದೇ ಐದನೇ ಗೇರ್‌ನಲ್ಲಿ, ಅನುಪಾತ 0.9 ಅಂದರೆ, ಬರೀ 6 ಕೆಜಿ. ಅಂದರೆ ಹೈವೇಯಲ್ಲಿ ಹಿರಿಯೂರು ಕಡೆ ಟಾಪ್ ಗೇರ್‌ನಲ್ಲಿ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ. ಜೋಗಿಮಟ್ಟಿ ಏರಿನಲ್ಲಿ ಎರಡನೇ ಗೇರ್‌ಗೆ ಇಳಿಸಿ ಆಕ್ಸಿಲರೇಟರ್ ಒತ್ತುವವರಿಗೆ ಗೊತ್ತಾಗುತ್ತದೆ. ನಿಮ್ಮ ಓಡಾಟ ಯಾವ ಥರದ್ದು ಅಂತ ನೋಡಿಕೊಂಡು ದುಡ್ಡು ಖರ್ಚು ಮಾಡಿ.

ಮೊದಲ ಹೆಜ್ಜೆ: ನಿಮ್ಮ ಕಾರಿಗೆ ಇದು ಆಗುತ್ತದಾ?

ಮ್ಯಾನುಯಲ್ ಗೇರ್ ಇದ್ದರೆ ಮಾತ್ರ ಮುಂದೆ ಓದಿ. ಆಟೋಮ್ಯಾಟಿಕ್, ಡಬಲ್ ಕ್ಲಚ್ ಗೇರ್‌ಬಾಕ್ಸ್ ಇದ್ದವರು ಈ ಆಸೆ ಬಿಡುವುದೇ ಒಳ್ಳೆಯದು.

ಮ್ಯಾನುಯಲ್ ಆದರೂ ಒಳಗೆ ಯಾವ ಫ್ಲೈವೀಲ್ ಇದೆ ಅಂತ ತಿಳಿಯಬೇಕು. ಈಗಿನ ಟರ್ಬೊ ಕಾರುಗಳಲ್ಲಿ, ಡೀಸೆಲ್‌ಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಜಾಸ್ತಿ. ಎರಡು ತಟ್ಟೆ, ನಡುವೆ ಉದ್ದನೆಯ ಸ್ಪ್ರಿಂಗ್. 1985ರಿಂದ ಕಾರುಗಳಲ್ಲಿ ಬರುತ್ತಿದೆ. ಇಂಜಿನ್‌ನ ಒಂದೊಂದು ಹೊಡೆತವೂ ಗೇರ್‌ಬಾಕ್ಸಿಗೆ ನೇರವಾಗಿ ಬಡಿಯದಂತೆ ಆ ಸ್ಪ್ರಿಂಗ್ ತಡೆಯುತ್ತದೆ. ಅದನ್ನು ತೆಗೆದು ಗಟ್ಟಿ ಒಂಟಿ ಫ್ಲೈವೀಲ್ ಹಾಕಿದರೆ ಆ ಹೊಡೆತವೆಲ್ಲ ಗೇರ್‌ಬಾಕ್ಸಿಗೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಬಿಟ್ಟರೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು ಬರುತ್ತದೆ. ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಇದು ರಿಪೇರಿ ಮಾಡುವ ದೋಷ ಅಲ್ಲ, ನೀವೇ ದುಡ್ಡು ಕೊಟ್ಟು ತಂದುಕೊಂಡ ಸದ್ದು. ಮನೆಯವರು ಕೇಳಿದಾಗ ಏನು ಹೇಳುತ್ತೀರಿ ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಕೆಲವು ಕಾರುಗಳಲ್ಲಿ ಇಂಜಿನ್ ವೇಗ ಅಳೆಯುವ ಸೆನ್ಸರ್ ಫ್ಲೈವೀಲ್ ಅಂಚಿನ ಹಲ್ಲನ್ನೇ ನೋಡಿ ಎಣಿಸುತ್ತದೆ. ಹೊಸದರಲ್ಲಿ ಆ ಹಲ್ಲು ಇಲ್ಲದಿದ್ದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಹಲ್ಲು ಇದ್ದರೂ, ತೂಕ ಕಡಿಮೆಯಾದ ಮೇಲೆ ಕ್ರ್ಯಾಂಕ್ ಸುತ್ತುವುದರಲ್ಲಿ ಏರಿಳಿತ ಹೆಚ್ಚುತ್ತದೆ. ಅದನ್ನು ನೋಡಿ ಕಂಪ್ಯೂಟರ್ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂದುಕೊಂಡು ಚೆಕ್ ಇಂಜಿನ್ ಲೈಟ್ ಹಾಕಬಹುದು. ಆ ಕೋಡ್ ಒಳಗೆ ದಾಖಲಾಗುತ್ತದೆ. ಸರ್ವೀಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿದರೆ ಮೊದಲು ಕಾಣುವುದು ಅದೇ.

ಎರಡನೆಯದು: ವಾರಂಟಿ ಪುಸ್ತಕ

ಗ್ಲೋವ್ ಬಾಕ್ಸ್‌ನಲ್ಲಿ ಇರುತ್ತದೆ, ಯಾರೂ ಓದಿರುವುದಿಲ್ಲ. ಕೂತು ಓದಿ. ಒಳಗೆ ಏನು ಸೇರಿದೆ ಅನ್ನುವ ಪುಟಕ್ಕಿಂತ ಏನು ಸೇರಿಲ್ಲ ಅನ್ನುವ ಪುಟ ಮುಖ್ಯ. ಕ್ಲಚ್ ಪ್ಲೇಟ್ ಸಾಮಾನ್ಯವಾಗಿ ಸವೆಯುವ ಭಾಗ, ಅದಕ್ಕೆ ಮೊದಲೇ ವಾರಂಟಿ ಕಮ್ಮಿ ಅಥವಾ ಇಲ್ಲ. ನೀವು ಪಣಕ್ಕಿಡುತ್ತಿರುವುದು ಅದರ ಸುತ್ತಲಿನ ದುಬಾರಿ ಸಾಮಾನು: ಗೇರ್‌ಬಾಕ್ಸ್, ಕ್ರ್ಯಾಂಕ್ ಶಾಫ್ಟ್, ಅದರ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಸ್ಟಾರ್ಟರ್.

"ಮೂಲ ಬಿಡಿಭಾಗ ಬದಲಿಸಿದ್ದರಿಂದ ಉಂಟಾದ ಹಾನಿ" ಅಂತ ಬರೆದಿದೆಯೋ, "ಮೂಲ ಬಿಡಿಭಾಗ ಬದಲಿಸಿದರೆ ವಾರಂಟಿ ರದ್ದು" ಅಂತ ಬರೆದಿದೆಯೋ ನೋಡಿ. ಒಂದೇ ಥರ ಕಂಡರೂ ಇವೆರಡಕ್ಕೂ ಬಹಳ ಫರಕು. ಮೊದಲನೆಯದರಲ್ಲಿ ಹಾನಿಗೂ ಬದಲಾವಣೆಗೂ ಸಂಬಂಧ ಇರಬೇಕು. ಎರಡನೆಯದರಲ್ಲಿ ಅವರು ಎಲ್ಲದಕ್ಕೂ ಕೈ ತೊಳೆದುಕೊಳ್ಳಲು ನೋಡುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಕೆಲವು ಸಲ ಬೇರೆ ಇನ್ಶೂರೆನ್ಸ್ ಕಂಪನಿ ನಡೆಸುತ್ತದೆ, ಅದರ ಷರತ್ತು ಬೇರೆ, ಇನ್ನೂ ಬಿಗಿ.

ಇಂಟರ್ನೆಟ್‌ನಲ್ಲಿ ಓದಿಕೊಂಡ ಹುಡುಗರು "ಕಂಪನಿಯವರೇ ಸಾಬೀತು ಮಾಡಬೇಕು ಅಣ್ಣಾ, ಕಾನೂನಿದೆ" ಅನ್ನುತ್ತಾರೆ. ಇದೆ, ಅಮೆರಿಕದಲ್ಲಿ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನಿಂತು ಅದನ್ನು ಹೇಳಿದರೆ ಯಾರೂ ಕೇಳುವುದಿಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಉಪಯೋಗಕ್ಕೆ ಬರುತ್ತದೆ, ಆದರೆ ಬೇರೆ ರೀತಿ. ಅದಕ್ಕೆ ಆಮೇಲೆ ಬರೋಣ.

ಕಾಯಲು ಆಗುತ್ತದಾ? ಹಾಗಾದರೆ ವಾರಂಟಿ ಮುಗಿಯಲಿ. ಮಾರನೇ ದಿನವೇ ಬಿಚ್ಚಿಸಿ. ನನ್ನ ಹಾಗೆ ಆಗದವರಿಗೆ ಮುಂದಿನ ಮಾತು.

ಮೂರನೆಯದು: ಸಾಮಾನು, ಮತ್ತು ಲೇಥಿನ ಆಸೆ

ಎರಡು ಥರ ಸಿಗುತ್ತವೆ. ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನದು, ಮತ್ತು ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಇನ್ನೂ ಹಗುರ, ಆದರೆ ಕ್ಲಚ್ ಉಜ್ಜುವ ಜಾಗಕ್ಕೆ ಉಕ್ಕಿನ ತಟ್ಟೆ ಕೂರಿಸಿರಬೇಕು. ದಿನಾ ಊರೊಳಗೆ ಓಡಿಸುವವರು ಉಕ್ಕಿನದು, ಅದರಲ್ಲೂ ತೀರಾ ಹಗುರ ಅಲ್ಲದ್ದು ತಗೊಳ್ಳಿ. ಎಸ್‌ಎಫ್‌ಐ 1.1 ಗುರುತು ಇದೆಯಾ ನೋಡಿ. ಫ್ಲೈವೀಲ್ ಮತ್ತು ಕ್ಲಚ್‌ಗೆ ಇರುವ ಸುರಕ್ಷತೆಯ ಪರೀಕ್ಷೆ ಅದು. ಮೂಲದಲ್ಲಿ ಡ್ಯುಯಲ್ ಮಾಸ್ ಇದ್ದರೆ ಮಧ್ಯದಲ್ಲಿ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್ ಬೇಕೇ ಬೇಕು.

ಇನ್ನು ನಮ್ಮ ಕಡೆಯ ವಿಶೇಷ ಆಸೆ ಒಂದಿದೆ. ಪಕ್ಕದಲ್ಲೇ ಹರಿಹರ. ಒಂದು ಕಾಲಕ್ಕೆ ಲೇಥ್ ಮಾಡಿ ಮಾರಿದ ಊರು. ಅಲ್ಲಿ ಈಗಲೂ ಕೈ ಪಳಗಿದ ಟರ್ನರ್‌ಗಳಿದ್ದಾರೆ. "ಹೊಸದು ಯಾಕೆ ತರಿಸುತ್ತೀಯ, ಹಳೇದನ್ನೇ ಲೇಥಿಗೆ ಹಾಕಿ 3 ಕೆಜಿ ಕೆರೆಸಿಬಿಡು" ಅಂತ ನನಗೆ ಕನಿಷ್ಠ ಮೂರು ಜನ ಹೇಳಿದರು. ನಾನೂ ಫ್ಲೈವೀಲ್ ಹೊತ್ತುಕೊಂಡು ಒಬ್ಬ ಹಿರಿಯ ಟರ್ನರ್ ಹತ್ತಿರ ಹೋದೆ. ಅವರು ಅದನ್ನು ತಂತಿಯಲ್ಲಿ ತೂಗುಹಾಕಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿದರು. ಆಮೇಲೆ ಕೆಳಗಿಟ್ಟು ಕೈ ಒರೆಸಿಕೊಂಡರು. "ತಮ್ಮಾ, ಇದು ಬೀಡು. ನಾನು ಕೆರೆದು ಕೊಡ್ತೀನಿ, ಕೆಲಸ ಏನೂ ಕಷ್ಟ ಇಲ್ಲ. ಆದ್ರೆ ನೀನು ಕಾರಲ್ಲಿ ಕೂತಾಗ ಇದು ನಿನ್ನ ಕಾಲ ಹತ್ರ ತಿರುಗುತ್ತೆ. ನಾನು ಮಾಡಲ್ಲ."

ಅವರು ಹೇಳಿದ್ದು ಎಷ್ಟು ಸರಿ ಅಂತ ಲೆಕ್ಕ ನೋಡಿ. 9 ಕೆಜಿಯ, 28 ಸೆಂಟಿಮೀಟರ್ ಅಗಲದ ಫ್ಲೈವೀಲ್ 6500 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಅಂಚು ಗಂಟೆಗೆ 340 ಕಿಲೋಮೀಟರ್ ದಾಟಿ ಓಡುತ್ತಿರುತ್ತದೆ. ಅದರೊಳಗಿನ ಶಕ್ತಿಯಲ್ಲಿ ಆ ಒಂದು ಕ್ವಿಂಟಲ್ ಚೀಲವನ್ನು ಸುಮಾರು 21 ಮೀಟರ್ ಮೇಲಕ್ಕೆ ಎತ್ತಬಹುದು. ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಎಲ್ಲಿ ಎಷ್ಟು ದಪ್ಪ ಬಿಡಬೇಕು ಅಂತ ಗೊತ್ತಿಲ್ಲದೆ ಕೆರೆದರೆ ಬಿರುಕು ಯಾವಾಗಲಾದರೂ ಬರಬಹುದು. ಫ್ಲೈವೀಲ್ ಸುತ್ತ ಇರುವ ತೆಳ್ಳಗಿನ ಅಲ್ಯೂಮಿನಿಯಂ ಕವಚ, ಅಂದರೆ ಬೆಲ್ ಹೌಸಿಂಗ್, ಒಡೆದ ಚೂರನ್ನು ತಡೆಯುತ್ತದೆ ಅಂತ ಭಾವಿಸಬೇಡಿ. ವಾರಂಟಿ ಮಾತು ಹಾಗಿರಲಿ, ಕಾಲಿನ ಮಾತು ಇದು.

ಫ್ಲೈವೀಲ್ ಜೊತೆ ಇವನ್ನೂ ತರಿಸಿ: ಹೊಸ ಫ್ಲೈವೀಲ್ ಬೋಲ್ಟ್, ಹೊಸ ಪ್ರೆಶರ್ ಪ್ಲೇಟ್ ಬೋಲ್ಟ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ರಿಲೀಸ್ ಬೇರಿಂಗ್, ಇದ್ದರೆ ಪೈಲಟ್ ಬೇರಿಂಗ್. ಗೇರ್‌ಬಾಕ್ಸ್ ಒಮ್ಮೆ ಇಳಿಸಿದ ಮೇಲೆ ನೂರಾರು ರೂಪಾಯಿಯ ಸೀಲ್‌ಗೆ ಜಿಪುಣತನ ಮಾಡಿ ಮತ್ತೆ ಇಳಿಸುವುದು ದಡ್ಡತನ.

ಬಿಚ್ಚುವ ಹಿಂದಿನ ದಿನ

ನಾನು ಮಾಡದೇ ಕೆಟ್ಟದ್ದು ಇದೇ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ಮೀಟರ್ ಫೋಟೋ ತೆಗೆಯಿರಿ, ಕಿಲೋಮೀಟರ್ ಕಾಣಬೇಕು. ಸ್ಕ್ಯಾನರ್ ಹಾಕಿಸಿ, ಯಾವ ಕೋಡ್ ಇಲ್ಲ ಅಂತ ಪ್ರಿಂಟ್ ತಗೊಳ್ಳಿ. ಎಲ್ಲ ಗೇರ್ ಸಲೀಸಾಗಿ ಬೀಳುವುದನ್ನು ಒಂದು ವಿಡಿಯೋ ಮಾಡಿ. ಕ್ಲಚ್ ಪೆಡಲ್ ಎಲ್ಲಿ ಹಿಡಿಯುತ್ತದೆ ಅಂತ ನೆಲದಿಂದ ಅಳತೆ ಟೇಪ್ ಹಿಡಿದು ಬರೆದಿಡಿ. ಸರ್ವೀಸ್ ಸೆಂಟರ್‌ಗೆ ಒಂದು ಇಮೇಲ್ ಹಾಕಿ: ಇಂಥ ಬಿಡಿಭಾಗ ಹಾಕಿಸಬೇಕು ಅಂತಿದ್ದೇನೆ, ವಾರಂಟಿಯ ಯಾವ ಭಾಗಕ್ಕೆ ಇದರಿಂದ ತೊಂದರೆ ಅಂತ ತಿಳಿಸಿ. ಬಹುತೇಕ ಉತ್ತರ ಬರುವುದಿಲ್ಲ. ಬಂದರೂ "ಪೂರ್ತಿ ರದ್ದು" ಅಂತಲೇ ಬರಬಹುದು. ಬರಲಿ. ಕೌಂಟರ್‌ನಲ್ಲಿ ಬಾಯಲ್ಲಿ "ಏನೂ ಆಗಲ್ಲ ಸರ್, ಹಾಕಿಸ್ಕೊಳ್ಳಿ" ಅಂದವರು ಆರು ತಿಂಗಳ ನಂತರ ಆ ಕೆಲಸದಲ್ಲೇ ಇರುವುದಿಲ್ಲ.

ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಆರ್‌ಸಿಯಲ್ಲಿ ಫ್ಲೈವೀಲ್‌ಗೆ ಕಾಲಂ ಇಲ್ಲ, ನಿಜ. ಆದರೆ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಬಿಗಿಯಾಗಿಯೇ ಹೇಳಿದೆ. ಮುಚ್ಚಿಟ್ಟ ಬದಲಾವಣೆ ಅಪಘಾತದ ಕ್ಲೇಮ್ ಹೊತ್ತಿಗೆ ಹೊರಬಂದರೆ ತಲೆನೋವು.

ಕೆಲಸದ ದಿನ

ಇಬ್ಬರು ಬೇಕು, ಒಂದೂವರೆ ದಿನ ಹಿಡಿಯುತ್ತದೆ. ಲಿಫ್ಟ್ ಇರುವ ಗ್ಯಾರೇಜ್ ಹುಡುಕಿ. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ಹೋಗುವವರ ಕೈಗೆ ಕಾರು ಕೊಡಬೇಡಿ. ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನುಯಲ್ ಪಕ್ಕದಲ್ಲಿರಲಿ, ಟಾರ್ಕ್ ಅಂಕಿ ಅದರಿಂದಲೇ. "ಕೈಗೆ ಗೊತ್ತಾಗುತ್ತೆ ಬಿಡಿ ಸರ್" ಅನ್ನುವ ಮೆಕ್ಯಾನಿಕ್ ಬೇರೆ ಕೆಲಸಕ್ಕೆ ಒಳ್ಳೆಯವನು.

ಬ್ಯಾಟರಿ ನೆಗೆಟಿವ್ ತೆಗೆದು, ಗೇರ್ ಆಯಿಲ್ ಇಳಿಸಿ, ಡ್ರೈವ್ ಶಾಫ್ಟ್ ಬಿಚ್ಚಿ. ಇಂಜಿನ್‌ಗೆ ಆಸರೆ ಕೊಟ್ಟು ಗೇರ್‌ಬಾಕ್ಸನ್ನು ಜಾಕಿ ಮೇಲೆ ನೇರವಾಗಿ ಹಿಂದಕ್ಕೆ ಎಳೆಯಬೇಕು. ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಬಾರದು. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಹಳೇ ಫ್ಲೈವೀಲ್‌ನ ಕೊನೆಯ ಬೋಲ್ಟ್ ತೆಗೆಯುವಾಗ ಕೆಳಗೆ ಕೈ ಕೊಟ್ಟಿರಿ, ಕಾಲ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ.

ಈಗ ಹಳೇದು ಹೊಸದು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಚಹಾ ತರಿಸಿ, ಅವಸರ ಬೇಡ. ಬೋಲ್ಟ್ ತೂತು ಹೊಂದುತ್ತವೆಯಾ? ಅಂಚಿನ ಹಲ್ಲು ಎಣಿಸಿ, ಎರಡರಲ್ಲೂ ಒಂದೇ ಇರಬೇಕು. ಸೆನ್ಸರ್ ಹಲ್ಲು ಅದೇ ಜಾಗದಲ್ಲಿದೆಯಾ? ಹಳೇ ಫ್ಲೈವೀಲ್ ಒಂದು ಬದಿಗೆ ಬೇಕೆಂದೇ ಭಾರ ಇಟ್ಟದ್ದಾದರೆ ಹೊಸದರಲ್ಲೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ. ಮತ್ತೆ ತುಂಬಾ ಮುಖ್ಯವಾದದ್ದು, ಕ್ರ್ಯಾಂಕಿಗೆ ಕೂರುವ ಮುಖದಿಂದ ಕ್ಲಚ್ ಉಜ್ಜುವ ಮುಖಕ್ಕೆ ಎಷ್ಟು ಎತ್ತರ ಅಂತ ವರ್ನಿಯರ್‌ನಲ್ಲಿ ಅಳೆಯಿರಿ. ಎರಡರದ್ದೂ ಫೋಟೋ, ವರ್ನಿಯರ್ ಸಮೇತ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಕ್ಲಚ್ ಬಿಡುವ ಜಾಗ ಬದಲಾಗುತ್ತದೆ.

ಕ್ರ್ಯಾಂಕಿನ ಮುಖ ಒರೆಸಿ, ಸೀಲ್ ಬದಲಿಸಿ. ಹೊಸ ಫ್ಲೈವೀಲ್‌ಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ತೆಗೆಯಿರಿ, ಆಮೇಲೆ ಆ ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಕೆಲವು ಇಂಜಿನ್‌ಗಳಲ್ಲಿ ಬೋಲ್ಟ್ ತೂತು ಒಳಗಿನ ಆಯಿಲ್‌ವರೆಗೂ ಹೋಗಿರುತ್ತದೆ, ಅಲ್ಲಿ ಎಳೆಗೆ ಸೀಲಂಟ್ ಹಚ್ಚದಿದ್ದರೆ ಆಯಿಲ್ ನಿಧಾನವಾಗಿ ಕ್ಲಚ್ ಮೇಲೆ ಇಳಿಯುತ್ತದೆ. ಬೋಲ್ಟ್‌ಗಳನ್ನು ನಕ್ಷತ್ರದ ಆಕಾರದಲ್ಲಿ ಮೂರು ಸುತ್ತು ಬಿಗಿಯಿರಿ. ಮ್ಯಾನುಯಲ್‌ನಲ್ಲಿ ಕೊನೆಗೆ ಇಷ್ಟು ಡಿಗ್ರಿ ತಿರುಗಿಸಿ ಅಂತಿದ್ದರೆ ಹಾಗೇ ಮಾಡಿ. ಡಯಲ್ ಗೇಜ್ ಇಟ್ಟು ಚಕ್ರ ಒಂದು ಸುತ್ತು ತಿರುಗಿಸಿ, ಮುಳ್ಳು ಎಷ್ಟು ಆಡುತ್ತದೆ ನೋಡಿ, ಅದನ್ನೂ ಬರೆದಿಡಿ.

ಕ್ಲಚ್ ಪ್ಲೇಟಿನಲ್ಲಿ ಯಾವ ಬದಿ ಫ್ಲೈವೀಲ್ ಕಡೆಗೆ ಅಂತ ಬರೆದಿರುತ್ತದೆ. ನಡುವೆ ಅಲೈನ್‌ಮೆಂಟ್ ಟೂಲ್ ಹಾಕಿ ಪ್ರೆಶರ್ ಪ್ಲೇಟ್ ಬಿಗಿಯಿರಿ. ಕ್ಲಚ್ ಪ್ಲೇಟ್ ಜಾರುವ ಇನ್‌ಪುಟ್ ಶಾಫ್ಟಿನ ಗೀರುಗಳಿಗೆ (ಸ್ಪ್ಲೈನ್) ಗ್ರೀಸ್ ಚೂರೇ ಚೂರು. ಗೇರ್‌ಬಾಕ್ಸ್ ಕೈಯಿಂದಲೇ ಪೂರ್ತಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ, ಹೌಸಿಂಗ್ ಬಿರಿಯುತ್ತದೆ. ಕೊನೆಗೆ ಕ್ಲಚ್ ಲೈನಿನ ಗಾಳಿ ತೆಗೆಯಬೇಕು. ಇದನ್ನು ಸಂಜೆ ಏಳಕ್ಕೆ, ಎಲ್ಲರೂ ಮನೆಗೆ ಹೊರಟಾಗ ಮಾಡಬೇಡಿ. ನಾವು ಹಾಗೇ ಮಾಡಿದ್ದೆವು.

ಮೊದಲ 500ರಿಂದ 800 ಕಿಲೋಮೀಟರ್ ಊರೊಳಗೇ ಓಡಿಸಿ, ಗೇರ್ ಜಾಸ್ತಿ ಬದಲಿಸಿ, ಜೋರು ಎಳೆತ ಬೇಡ. ಮೊದಲ ವಾರ ಸಿಗ್ನಲ್‌ನಲ್ಲಿ ಕಾರು ಆಫ್ ಆಗುತ್ತದೆ, ನಾಚಿಕೆ ಪಡಬೇಡಿ. ರೈಲ್ವೆ ಗೇಟ್ ತೆಗೆದ ಕ್ಷಣ ಹಿಂದಿನ ಆಟೋದವರೆಲ್ಲ ಹಾರ್ನ್ ಹೊಡೆಯುವಾಗ ನನ್ನ ಕಾರು ಮೂರು ಸಲ ಆಫ್ ಆಗಿತ್ತು. ಕ್ಲಚ್ ಬಿಡುವ ಮುಂಚೆ ಸ್ವಲ್ಪ ಆಕ್ಸಿಲರೇಟರ್ ಕೊಡುವುದು ಕಾಲಿಗೆ ರೂಢಿಯಾಗಬೇಕು.

ವಾರಂಟಿ ಜಗಳ ಬಂದಾಗ

ಈಗ ನನ್ನ ಕಥೆ. ಸರ್ವೀಸ್ ಸೆಂಟರ್‌ನವನು ಬೆಲ್ ಹೌಸಿಂಗ್ ಕೆಳಗಿನ ಚಿಕ್ಕ ರಬ್ಬರ್ ಮುಚ್ಚಳ ತೆಗೆದು ಟಾರ್ಚ್ ಹಾಕಿದ, ಎರಡು ನಿಮಿಷ. "ಸರ್, ಗಾಡಿ ಮಾಡಿಫೈ ಆಗಿದೆ, ವಾರಂಟಿ ಪೂರ್ತಿ ಕ್ಯಾನ್ಸಲ್." ಕಿಟಕಿಗೂ ಫ್ಲೈವೀಲಿಗೂ ಏನು ಸಂಬಂಧ ಅಂದೆ. ಪಾಲಿಸಿ ಅಂದ. ನಾನು ಕೂಗಾಡಲಿಲ್ಲ. ಕಿಟಕಿ ಮೋಟಾರಿನ ವಾರಂಟಿ ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದೀರಿ ಅಂತ ಬರೆದು ಕೊಡಿ ಅಂದೆ, ಅದನ್ನೇ ಕಂಪನಿಗೆ ಇಮೇಲ್ ಮಾಡಿದೆ. ಹತ್ತು ದಿನಕ್ಕೆ ಕಿಟಕಿ ಉಚಿತವಾಗಿ ಸರಿಯಾಯಿತು. ನಮ್ಮ ಪುಸ್ತಕದಲ್ಲಿ ಇದ್ದದ್ದು "ಬದಲಾವಣೆಯಿಂದ ಉಂಟಾದ ಹಾನಿ" ಅನ್ನುವ ಮಾತು, ಪೂರ್ತಿ ರದ್ದು ಅಲ್ಲ.

ಗೇರ್‌ಬಾಕ್ಸಿಗೂ ಅದೇ ವಾದ ಹೂಡಿದೆ. ಕ್ಲಚ್ ಒತ್ತಿದಾಗ ಫ್ಲೈವೀಲ್ ಬೇರೆಯಾಗುತ್ತದೆ, ಹಾಗಾಗಿ ಎರಡನೇ ಗೇರಿನ ಸಿಂಕ್ರೊ ರಿಂಗ್ (ಗೇರ್ ಬೀಳುವಾಗ ಎರಡು ಕಡೆಯ ವೇಗ ಸಮ ಮಾಡುವ ಬಳೆ) ಸವೆಯಲು ಫ್ಲೈವೀಲ್ ತೂಕ ಕಾರಣ ಅಲ್ಲ ಅಂತ. ತಾಂತ್ರಿಕವಾಗಿ ಸರಿಯಾದ ಮಾತೇ. ಅವರು ಶಾಂತವಾಗಿ ಇನ್ನೊಂದು ಹೇಳಿದರು: ತೂಕ ಅಲ್ಲ ಸರ್, ಹೊರಗಿನವರು ಗೇರ್‌ಬಾಕ್ಸ್ ಇಳಿಸಿ ಏರಿಸಿದ್ದಾರೆ, ನಿಮ್ಮ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅರ್ಧ ಹಿಡಿದ ಕ್ಲಚ್‌ನಲ್ಲಿ ಗೇರ್ ಹಾಕಿದ್ದಕ್ಕೆ ರಿಂಗ್ ಸವೆದಿದೆ. ಮೊದಲು ಪೆಡಲ್ ಎಲ್ಲಿ ಹಿಡಿಯುತ್ತಿತ್ತು, ಫ್ಲೈವೀಲ್ ಎತ್ತರ ಎಷ್ಟಿತ್ತು, ಏನಾದರೂ ದಾಖಲೆ ಇದೆಯಾ? ನನ್ನ ಹತ್ತಿರ ಒಂದು ಸೆಲ್ಫಿ ಇತ್ತು, ಫ್ಲೈವೀಲ್ ಹಿಡಿದು ನಗುತ್ತಿರುವುದು. ಊರಿಗೆ ಬಂದು ಕ್ಲಚ್ ಲೈನಿನ ಗಾಳಿ ತೆಗೆಸಿದರೆ ಗುಳ್ಳೆ ಗುಳ್ಳೆ ಬಂತು. ಲೈನಿನಲ್ಲಿ ಗಾಳಿ ಇದ್ದರೆ ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಅವರು ಹೇಳಿದ್ದೇ ನಿಜವಾಗಿತ್ತು.

ನಿಮ್ಮ ಪಕ್ಷ ಗಟ್ಟಿಯಿದ್ದು ಅವರು ಒಪ್ಪದಿದ್ದರೆ ದಾರಿ ಹೀಗಿದೆ. ನಿರಾಕರಣೆಯನ್ನು ಕಾರಣ ಸಮೇತ ಬರಹದಲ್ಲಿ ಕೇಳಿ. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೊಸ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಸರ್ವೀಸ್ ಸೆಂಟರ್ ಬೆಂಗಳೂರಿನಲ್ಲಿದ್ದರೂ ದಾವಣಗೆರೆಯವರು ದಾವಣಗೆರೆಯಲ್ಲಿ, ದುರ್ಗದವರು ದುರ್ಗದಲ್ಲಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. 20ರಿಂದ 50 ಲಕ್ಷದ ಸಾಮಾನಿಗೆ ಶುಲ್ಕ 1000 ರೂಪಾಯಿ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ದೋಷ ಪರೀಕ್ಷೆಯಿಲ್ಲದೆ ತೀರ್ಮಾನ ಆಗದಂಥದ್ದಾದರೆ ಆಯೋಗವೇ ಲ್ಯಾಬ್‌ಗೆ ಕಳಿಸಬಹುದು. ಆ ವರದಿ ಬರುವವರೆಗೂ ಬಿಚ್ಚಿದ ಸಾಮಾನನ್ನು ಹಾಗೇ ಇಟ್ಟಿರಿ, ಗುಜರಿಗೆ ಹಾಕಬೇಡಿ.

ಸರ್ವೀಸ್‌ಗೆ ಹೋಗುವ ಮುಂಚೆ ಹಳೇ ಫ್ಲೈವೀಲ್ ವಾಪಸ್ ಹಾಕಿಸಿ ಏನೂ ಗೊತ್ತಿಲ್ಲದವರ ಹಾಗೆ ನಿಲ್ಲುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಬೋಲ್ಟ್ ತಲೆಯ ಗುರುತು, ಹೊಸ ಸೀಲ್, ಹಳೇ ಕೋಡ್, ಎಲ್ಲ ಸಾಕ್ಷಿ ಹೇಳುತ್ತವೆ. ಸಿಕ್ಕಿಬಿದ್ದರೆ ಕಿಟಕಿಯಂಥ ನ್ಯಾಯವಾದ ಕ್ಲೇಮೂ ಕೈ ತಪ್ಪುತ್ತದೆ.

ನನ್ನ ಹಳೇ ಫ್ಲೈವೀಲ್ ಗ್ರೀಸ್ ಬಳಿದು, ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿದೆ. ಬೋಲ್ಟ್‌ಗಳು ಡಬ್ಬಿಯಲ್ಲಿ ಬೇರೆ. ಕಾರು ಮಾರುವ ದಿನ ಅದನ್ನು ಬಿಲ್ ಜೊತೆ ತಗೊಳ್ಳುವವರ ಕೈಗೆ ಕೊಡಬೇಕು ಅಂತಿದ್ದೇನೆ. ಕಸ ಗುಡಿಸುವಾಗಲೆಲ್ಲ ಅಮ್ಮ ಕೇಳುತ್ತಾರೆ, ಇದನ್ನು ಯಾವಾಗ ಸಾಗಿಸುತ್ತೀಯ ಅಂತ.